ಹೊಗೆ ಯಾಕೆ ಬರ್ತಿಲ್ಲ? ರಿಚರ್ಡ್ ಟ್ರೆವಿಥಿಕ್ ಬದುಕಿನ ಕಥೆ

ಮಾಡೆಲ್ ರೈಲು ಇಟ್ಟುಕೊಂಡವರಿಗೆಲ್ಲ ಗೊತ್ತಿರೋ ಒಂದು ತಕರಾರು ಅದ. ಎಂಜಿನ್ ಹಳಿ ಮೇಲೆ ಚಂದ ಓಡುತ್ತದೆ, ಮುಂದಿನ ಲೈಟ್ ಹತ್ತುತ್ತದೆ, ಸೀಟಿಯೂ ಹೊಡೆಯುತ್ತದೆ. ಹೊಗೆ ಮಾತ್ರ ಆರಿಹೋಗೋ ಊದಿನಕಡ್ಡಿಯಿಂದ ಬಂದಷ್ಟೇ ಬರುತ್ತದೆ. ಆಗ ನಾವು ಮಾಡೋ ಮೊದಲ ಕೆಲಸ ಏನ್ರಿ? ಚಿಮ್ನಿಯೊಳಗೆ ಇನ್ನೂ ನಾಲ್ಕು ಹನಿ ಎಣ್ಣೆ ಬಿಡೋದು. ಹೊಗೆ ಹೆಚ್ಚಾಗೋದು ದೂರ ಉಳೀತು, ಇದ್ದದ್ದೂ ನಿಂತುಹೋಗುತ್ತದೆ.

ಇದು ಆಟಿಕೆಯ ಸಮಸ್ಯೆ ಅಂತ ನಗಬ್ಯಾಡ್ರಿ. ಚಿಮ್ನಿಯಿಂದ ಹೊಗೆ ಜೋರಾಗಿ ಹೊರಗೆ ಹೋಗೋದು ಹೇಗೆ ಅನ್ನೋ ಪ್ರಶ್ನೆಗೆ ಉತ್ತರ ಸಿಗದೇ ಹೋಗಿದ್ದರೆ ಜಗತ್ತಿನಲ್ಲಿ ಉಗಿಬಂಡಿಯೇ ನಡೆಯುತ್ತಿರಲಿಲ್ಲ. ಆ ಉತ್ತರವನ್ನು ಓಡುವ ಬಂಡಿಯ ಮೇಲೆ ಮಾಡಿ ತೋರಿಸಿದವನು ರಿಚರ್ಡ್ ಟ್ರೆವಿಥಿಕ್. ರೈಲು ಎಂಜಿನ್ ಕಂಡುಹಿಡಿದವರು ಯಾರು ಅಂತ ಕ್ವಿಜ್‌ನಲ್ಲಿ ಕೇಳಿದರೆ ನಮ್ಮಲ್ಲಿ ಬಹಳ ಜನ ಜಾರ್ಜ್ ಸ್ಟೀಫನ್‌ಸನ್ ಅಂತಾರೆ. ಅದು ಪೂರ್ತಿ ಖರೇ ಅಲ್ಲ. ಯಾಕಲ್ಲ ಅನ್ನೋದೇ ಈ ಕಥೆ.

ನಮ್ಮ ಭಾಗದವರಿಗೆ ಈ ಕಥೆ ಇನ್ನೊಂದು ಕಾರಣಕ್ಕೆ ಹತ್ತಿರದ್ದು. ಕಲಬುರಗಿಯ ಮುಖ್ಯ ರೈಲು ಹಾದಿ ಹಳೆಯದು. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿಕೊಂಡಿತು. ಆ ಹಾದಿಯಲ್ಲೇ ನಮ್ಮ ಸ್ಟೇಷನ್ ಇರೋದು. ನಮ್ಮ ಮುತ್ತಾತಂದಿರ ಕಾಲದಿಂದ ಇಲ್ಲಿ ಉಗಿ ಎಂಜಿನ್ ಓಡ್ಯಾವ. ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರದ್ದು ಬೇರೆ ಮಾತು. ಅದರ ಮೇಲೆ ಹಾದುಹೋಗುವ ಬೀದರ್–ಕಲಬುರಗಿ ರೈಲು ಹಾದಿ ಉದ್ಘಾಟನೆ ಆದದ್ದು 2017ರ ಅಕ್ಟೋಬರ್ 29ರಂದು. ಆ ಹಳಿ ಹುಟ್ಟುವ ಹೊತ್ತಿಗೆ ಉಗಿ ಎಂಜಿನ್ನುಗಳು ಮ್ಯೂಸಿಯಂ ಸೇರಿ ಎಷ್ಟೋ ವರ್ಷ ಆಗಿತ್ತು. ಹಾಗಾಗಿ ಕಮಲಾಪುರದಿಂದ ಕಾಲೇಜಿಗೆ ಬರೋ ಹುಡುಗ ಹುಡುಗಿಯರಿಗೆ ಹೊಗೆ ಬಿಡೋ ಎಂಜಿನ್ ಅಂದ್ರೆ ಒಂದೋ ಹಳೇ ಸಿನಿಮಾ, ಇಲ್ಲಾ ಮಾಡೆಲ್.

ಶಾಲೆಗೆ ಒಗ್ಗದ ಹುಡುಗ

ಟ್ರೆವಿಥಿಕ್ ಹುಟ್ಟಿದ್ದು 1771ರ ಏಪ್ರಿಲ್ 13ರಂದು, ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಸೀಮೆಯಲ್ಲಿ. ಅದು ತವರ ಮತ್ತು ತಾಮ್ರದ ಗಣಿಗಳ ನಾಡು. ಅಪ್ಪ ಗಣಿಯ ಮೇಸ್ತ್ರಿ. ಮಗ ಶಾಲೆಯಲ್ಲಿ ದಡ್ಡ, ಹಟಮಾರಿ ಅಂತ ಹೆಸರು ತಗೊಂಡ. ಲೆಕ್ಕ ಮಾತ್ರ ಬಾಯಲ್ಲೇ ಬರುತ್ತಿತ್ತು. ಮೇಷ್ಟ್ರು ಹೇಳಿಕೊಟ್ಟ ರೀತಿಯಲ್ಲಿ ಅಲ್ಲ, ತನ್ನದೇ ರೀತಿಯಲ್ಲಿ. ಸ್ಟೆಪ್ಸ್ ಬರೀದೆ ಉತ್ತರ ಬರೆದು ಮಾರ್ಕ್ಸ್ ಕಳಕೊಳ್ಳೋ ಗೆಳೆಯ ನಿಮ್ಮ ಬೆಂಚಿನಲ್ಲೂ ಒಬ್ಬ ಇರಬೇಕು, ಅಂಥವನು.

ಆಳು ಮಾತ್ರ ಆರಡಿ ಎರಡಂಗುಲ. ಕುಸ್ತಿ ಹಿಡಿಯೋದರಲ್ಲಿ, ಭಾರ ಎತ್ತೋದರಲ್ಲಿ ಆ ಸೀಮೆಯಲ್ಲೇ ಹೆಸರುವಾಸಿ. 19ನೇ ವಯಸ್ಸಿಗೆ ಗಣಿ ಕೆಲಸಕ್ಕೆ ಸೇರಿದ. ಸ್ವಲ್ಪ ದಿನದಲ್ಲೇ ಎಂಜಿನ್ ಕೆಟ್ಟಿತು ಅಂದ್ರೆ ಎಲ್ಲರೂ ಇವನನ್ನೇ ಕರೆಯೋ ಹಾಗಾಯಿತು. ಅಂದ್ರೆ ಟ್ರೆವಿಥಿಕ್ ಮೊದಲು ರಿಪೇರಿಗಾರ, ಆಮೇಲೆ ಸಂಶೋಧಕ. 1797ರಲ್ಲಿ ಜೇನ್ ಹಾರ್ವೆಯನ್ನು ಮದುವೆಯಾದ. ಆಕೆಯ ತಂದೆಗೆ ಹೇಯ್ಲ್ ಊರಿನಲ್ಲಿ ಕಬ್ಬಿಣ ಎರಕದ ಕಾರ್ಖಾನೆ ಇತ್ತು.

ಒಂದು ಪ್ರಶ್ನೆ, ಒಂದು ಉತ್ತರ

ಗಣಿಯ ತಳದಲ್ಲಿ ನೀರು ತುಂಬುತ್ತದೆ. ಅದನ್ನು ಎತ್ತಿ ಹೊರಗೆ ಹಾಕಲು ಉಗಿ ಎಂಜಿನ್ ಬೇಕು. ಆಗ ಇದ್ದದ್ದು ಜೇಮ್ಸ್ ವಾಟ್ ಎಂಜಿನ್. ಅದರಲ್ಲಿ ಉಗಿಯ ಒತ್ತಡ ಬಹಳ ಕಡಿಮೆ. ಕೆಲಸ ಮುಗಿದ ಉಗಿಯನ್ನು ಕಂಡೆನ್ಸರ್‌ನಲ್ಲಿ ತಣ್ಣಗೆ ಮಾಡಿ ನೀರಾಗಿಸುತ್ತಾರೆ. ಪಿಸ್ಟನ್‌ನ ಒಂದು ಬದಿ ಹೆಚ್ಚುಕಡಿಮೆ ನಿರ್ವಾತ ಆಗುತ್ತದೆ. ದೊಡ್ಡ ಕೆಲಸ ನಡೆಯೋದು ಆ ನಿರ್ವಾತದ ಬಲದಿಂದಲೇ. ಚಲೋ ಎಂಜಿನ್, ಖರೆ. ಆದರೆ ಮನೆಯಷ್ಟು ದೊಡ್ಡದು, ಇಟ್ಟ ಜಾಗ ಬಿಟ್ಟು ಅಲ್ಲಾಡದು. ಮೇಲಾಗಿ ಕಾರ್ನ್‌ವಾಲ್‌ನಲ್ಲಿ ಕಲ್ಲಿದ್ದಲು ಸಿಗೋದಿಲ್ಲ, ಹಡಗಿನಲ್ಲಿ ತರಿಸಬೇಕು. ಹಳೇ ಎಂಜಿನ್‌ಗೆ ಹೋಲಿಸಿದರೆ ಎಷ್ಟು ಇಂಧನ ಉಳಿಯಿತೋ ಅದರ ಮೂರನೇ ಒಂದು ಪಾಲಿನ ಹಣವನ್ನು ವಾಟ್ ಕಂಪನಿಗೆ ಕಟ್ಟಬೇಕು. ಪೇಟೆಂಟ್ 1800ರ ತನಕ ಇತ್ತು. ಆ ಪೇಟೆಂಟಿನ ಸುತ್ತ ಗಣಿಯವರಿಗೂ ಕಂಪನಿಗೂ ಕೋರ್ಟು ಕಚೇರಿ ನಡೆದೇ ಇತ್ತು.

ಟ್ರೆವಿಥಿಕ್ ತಲೆಯಲ್ಲಿ ಬೇರೆ ವಿಚಾರ ಹೊಕ್ಕಿತು. ಕಂಡೆನ್ಸರ್ ತೆಗೆದೇ ಬಿಟ್ಟರೆ? ಉಗಿಯನ್ನು ಹೆಚ್ಚಿನ ಒತ್ತಡದಲ್ಲಿ ಸಿಲಿಂಡರಿಗೆ ಬಿಟ್ಟು, ಕೆಲಸ ಆದ ಮೇಲೆ ಸೀದಾ ಹೊರಗೆ ಗಾಳಿಗೆ ಬಿಟ್ಟರೆ? ಎಷ್ಟು ಶಕ್ತಿ ನಷ್ಟ ಆಗುತ್ತದೆ? ಲೆಕ್ಕ ಬಲ್ಲ ಗೆಳೆಯ ಡೇವಿಸ್ ಗಿಡಿಯನ್ನು ಕೇಳಿದ. ಗಿಡಿ ಕೊಟ್ಟ ಉತ್ತರ ಸರಳ: ಬಾಯ್ಲರ್ ಒತ್ತಡ ಎಷ್ಟೇ ಇರಲಿ, ನಷ್ಟ ಒಂದು ವಾತಾವರಣದಷ್ಟು ಒತ್ತಡ ಮಾತ್ರ.

ಇದನ್ನು ನಮ್ಮ ಲೆಕ್ಕದಲ್ಲಿ ನೋಡೋಣ. ಒಂದು ವಾತಾವರಣ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಭಾರ. ಉಗಿಯ ಒತ್ತಡವೇ ಅಷ್ಟಿದ್ದರೆ ಆ ನಷ್ಟ ಅಂದ್ರೆ ಎಲ್ಲಾ ಹೋದಂಗ. ಒತ್ತಡ ಎಂಟು, ಹತ್ತು ಪಟ್ಟು ಏರಿಸಿದರೆ ಅದೇ ನಷ್ಟ ಕೈಯಿಂದ ಜಾರಿದ ಚಿಲ್ಲರೆ. ಕಂಡೆನ್ಸರ್ ಹೋಯಿತು, ಅದರ ತಣ್ಣೀರು ಹೋಯಿತು, ಏರ್ ಪಂಪ್ ಹೋಯಿತು. ಎಂಜಿನ್ ಸಣ್ಣದಾಯಿತು. ಸಣ್ಣದಾದ ಎಂಜಿನ್‌ಗೆ ಚಕ್ರ ಹಚ್ಚಬಹುದು!

ಅದನ್ನು ಮೊದಲು ಮಾಡೆಲ್ ಆಗಿಯೇ ನೋಡಿದ. 1797–98ರ ಸುಮಾರಿಗೆ ಮನೆಯಲ್ಲೇ ಸಣ್ಣ ಎಂಜಿನ್ ಮಾಡಿದ. ಒಲೆಯ ಬದಲು ಕೆಂಪಗೆ ಕಾಯಿಸಿದ ಕಬ್ಬಿಣದ ತುಂಡನ್ನು ಅದರ ಹೊಟ್ಟೆಯೊಳಗೆ ತುರುಕಿದರೆ ನೀರು ಕುದಿದು ಚಕ್ರ ತಿರುಗುತ್ತಿತ್ತು. ಅದು ಮೇಜಿನ ಮೇಲೆ ಓಡಿತು. ಅದೇ ಸೀಮೆಯ ರೆಡ್‌ರುತ್‌ನಲ್ಲಿ ವಾಟ್ ಕಂಪನಿಯ ವಿಲಿಯಂ ಮರ್ಡಾಕ್ 1784ರಲ್ಲೇ ಇಂಥದ್ದೊಂದು ಉಗಿ ಗಾಡಿಯ ಮಾಡೆಲ್ ಮಾಡಿದ್ದ. ಆದರೆ ಮೇಲಿನವರ ಉತ್ತೇಜನ ಸಿಗದೆ ಅದು ಮಾಡೆಲ್ ಆಗಿಯೇ ಉಳಿಯಿತು. ಟ್ರೆವಿಥಿಕ್ ಮೇಜಿನಿಂದ ಬೀದಿಗೆ ಇಳಿದ.

1801ರ ಡಿಸೆಂಬರ್ 24ರ ಸಂಜೆ, ಕ್ಯಾಂಬೋರ್ನ್ ಊರಿನ ಏರು ದಾರಿಯಲ್ಲಿ ಅವನ ಉಗಿ ಗಾಡಿ ಏಳೆಂಟು ಜನರನ್ನು ಹೊತ್ತುಕೊಂಡು ಹತ್ತಿತು. ಜನ ಅದನ್ನು ಉಸಿರು ಬಿಡೋ ದೆವ್ವ ಅಂತ ಕರೆದರು. ನಾಲ್ಕು ದಿನಕ್ಕೇ ಗಾಡಿ ಹಾದಿಯಲ್ಲಿ ಕೆಟ್ಟು ನಿಂತಿತು. ಅದನ್ನು ಒಂದು ಶೆಡ್‌ನೊಳಗೆ ದಬ್ಬಿ ಎಲ್ಲರೂ ಹತ್ತಿರದ ಖಾನಾವಳಿಗೆ ಊಟಕ್ಕೆ ಹೋದರು. ಬೆಂಕಿ ಆರಿಸೋದು ಯಾರಿಗೂ ನೆನಪಾಗಲಿಲ್ಲ. ನೀರು ಬತ್ತಿತು, ಕಬ್ಬಿಣ ಕೆಂಪಾಯಿತು, ಗಾಡಿಯೂ ಶೆಡ್ಡೂ ಸುಟ್ಟುಹೋದವು. ಮರುವರ್ಷ, 1802ರಲ್ಲಿ, ಸಂಬಂಧಿ ಆಂಡ್ರ್ಯೂ ವಿವಿಯನ್ ಜೊತೆ ಸೇರಿ ಅಧಿಕ ಒತ್ತಡದ ಎಂಜಿನ್‌ಗೆ ಪೇಟೆಂಟ್ ತಗೊಂಡ.

ಸಾವು ಕಲಿಸಿದ ಪಾಠ

ಅಧಿಕ ಒತ್ತಡ ಅಂದ್ರೆ ಅಪಾಯ ಅಂತ ವಾಟ್ ಕಡೆಯವರು ಹೇಳುತ್ತಲೇ ಇದ್ದರು. ಅವರ ಮಾತು ಸುಳ್ಳಾಗಿರಲಿಲ್ಲ. 1803ರ ಸೆಪ್ಟೆಂಬರ್ 8ರಂದು ಲಂಡನ್ ಹತ್ತಿರದ ಗ್ರೀನಿಚ್‌ನಲ್ಲಿ ಅವನ ಒಂದು ಬಾಯ್ಲರ್ ಸಿಡಿದು ನಾಲ್ವರು ಸತ್ತರು. ಎಂಜಿನ್ ನೋಡಿಕೊಳ್ಳಬೇಕಿದ್ದ ಹುಡುಗ ಜಾಗ ಬಿಟ್ಟು ಹೋಗಿದ್ದ, ಸೇಫ್ಟಿ ವಾಲ್ವ್ ಏಳದ ಹಾಗೆ ಆಗಿತ್ತು. ವಿರೋಧಿಗಳಿಗೆ ಇದಕ್ಕಿಂತ ದೊಡ್ಡ ಅಸ್ತ್ರ ಬೇಕಿರಲಿಲ್ಲ.

ಟ್ರೆವಿಥಿಕ್ ತಪ್ಪನ್ನು ಹುಡುಗನ ತಲೆಗೆ ಕಟ್ಟಿ ಸುಮ್ಮನಾಗಲಿಲ್ಲ. ಮುಂದಿನ ಬಾಯ್ಲರುಗಳಿಗೆ ಎರಡು ಸೇಫ್ಟಿ ವಾಲ್ವ್ ಇಟ್ಟ. ನೀರು ತೀರಾ ಕೆಳಗಿಳಿದು ಕಬ್ಬಿಣ ಕಾಯತೊಡಗಿದರೆ ತಾನೇ ಕರಗಿ ಉಗಿಯನ್ನು ಹೊರಗೆ ಬಿಡೋ ಸೀಸದ ಬಿರಡೆ ಹಾಕಿದ. ನಿಮ್ಮ ಮನೆಯ ಕುಕ್ಕರ್ ಮುಚ್ಚಳದ ಮೇಲೆ ಸೀಟಿಯ ಪಕ್ಕ ಸಣ್ಣ ಸೇಫ್ಟಿ ವಾಲ್ವ್ ಇರುತ್ತದಲ್ಲ, ಅದರ ಹಿಂದೆ ಇರೋದೂ ಇದೇ ವಿಚಾರ. ಮನುಷ್ಯ ಮರೆಯುತ್ತಾನೆ, ಲೋಹ ಮರೆಯೋದಿಲ್ಲ.

ಚಿಮ್ನಿಯ ಗುಟ್ಟು

ಈಗ ನಮ್ಮ ಹೊಗೆಯ ವಿಷಯಕ್ಕೆ ಬಂದೆವು.

ವೇಲ್ಸ್‌ನ ಮರ್ಥರ್ ಟಿಡ್‌ಫಿಲ್ ಹತ್ತಿರದ ಪೆನಿಡ್ಯಾರನ್‌ನಲ್ಲಿ ಸ್ಯಾಮ್ಯುಯೆಲ್ ಹಾಂಫ್ರೆ ಅನ್ನೋ ಸಾಹುಕಾರನ ಕಬ್ಬಿಣದ ಕಾರ್ಖಾನೆ ಇತ್ತು. ಅಲ್ಲಿಂದ ಕಾಲುವೆ ದಂಡೆಯ ತನಕ ಎರಕದ ಕಬ್ಬಿಣದ ಹಳಿ ಹಾಸಿ ಕುದುರೆಗಳಿಂದ ಬಂಡಿ ಎಳೆಸುತ್ತಿದ್ದರು. ಹತ್ತು ಟನ್ ಕಬ್ಬಿಣವನ್ನು ಕುದುರೆ ಇಲ್ಲದೆ ಉಗಿಯಿಂದಲೇ ಎಳೆಸಿ ತೋರಿಸುತ್ತೇನೆ ಅಂತ ಹಾಂಫ್ರೆ ಇನ್ನೊಬ್ಬ ಸಾಹುಕಾರನ ಜೊತೆ 500 ಗಿನಿ ಪಣ ಕಟ್ಟಿದ. 1804ರ ಫೆಬ್ರವರಿ 21ರಂದು ಟ್ರೆವಿಥಿಕ್‌ನ ಎಂಜಿನ್ ಹತ್ತು ಟನ್ ಕಬ್ಬಿಣ, ಐದು ಬಂಡಿ, ಬಂಡಿಗಳ ಮೇಲೆ ಹತ್ತಿ ಕೂತ ಸುಮಾರು 70 ಜನ, ಇಷ್ಟನ್ನೂ ಎಳೆದುಕೊಂಡು ಹತ್ತಿರ ಹತ್ತಿರ 16 ಕಿ.ಮೀ. ಹೋಯಿತು. ಹಿಡಿದದ್ದು 4 ಗಂಟೆ 5 ನಿಮಿಷ. ಹಾದಿಯಲ್ಲಿ ಅಡ್ಡ ಬಂದ ಮರ ಕಡಿದು, ಬಂಡೆ ಸರಿಸಿದ ಹೊತ್ತೂ ಅದರಲ್ಲೇ ಸೇರಿತ್ತು. ಹಳಿ ಮೇಲೆ ಉಗಿ ಎಂಜಿನ್ ಸರಕು ಎಳೆದು ದಾಖಲೆಯಾದ ಮೊದಲ ಪ್ರಯಾಣ ಇದೇ. ಕಲಬುರಗಿಯಿಂದ ಹೊರಟಿದ್ದರೆ ಕಮಲಾಪುರದ ಅರ್ಧ ದಾರಿ ಆಗುತ್ತಿತ್ತು ಅಷ್ಟೇ. ಆದರೆ ಸ್ಟೀಫನ್‌ಸನ್‌ನ ರಾಕೆಟ್ ಓಡಲು ಇನ್ನೂ 25 ವರ್ಷ ಇತ್ತು.

ಅಷ್ಟು ಹೊತ್ತು ಬೆಂಕಿ ಸೊರಗದೆ ಉರಿದದ್ದು ಹೇಗೆ? ಬೆಂಕಿಗೆ ಗಾಳಿ ಬೇಕು. ಕಾರ್ಖಾನೆಯಲ್ಲಾದರೆ ಮುಗಿಲೆತ್ತರ ಚಿಮ್ನಿ ಕಟ್ಟುತ್ತಾರೆ. ಒಳಗಿನ ಬಿಸಿ ಗಾಳಿ ಹಗುರ, ಮೇಲೆ ಹೋಗುತ್ತದೆ, ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಚಿಮ್ನಿ ಎತ್ತರ ಇದ್ದಷ್ಟು ಎಳೆತ ಜಾಸ್ತಿ. ಓಡುವ ಎಂಜಿನ್ ಮೇಲೆ ಅಂಥ ಚಿಮ್ನಿ ನಿಲ್ಲಿಸಲಾದೀತೇ? ಗಿಡ್ಡ ಚಿಮ್ನಿ ಇಟ್ಟರೆ ಎಳೆತ ಸಾಲದು, ಬೆಂಕಿ ಮಂದ, ಉಗಿ ಕಡಿಮೆ, ಬಂಡಿ ನಿಂತಿತು.

ಟ್ರೆವಿಥಿಕ್ ಸಿಲಿಂಡರಿನಿಂದ ಹೊರಬೀಳೋ ಉಗಿಯನ್ನು ಒಂದು ಕೊಳವೆಯಲ್ಲಿ ತಂದು ಚಿಮ್ನಿಯೊಳಗೆ ಬಿಟ್ಟ. ಆಗ ಬೆಂಕಿ ಮೊದಲಿಗಿಂತ ಜೋರಾಗಿ ಉರಿಯೋದು ಅವನ ಕಣ್ಣಿಗೆ ಬಿತ್ತು. ಅದೇ ವರ್ಷ ಗಿಡಿಗೆ ಬರೆದ ಪತ್ರದಲ್ಲಿ ಈ ವಿಷಯ ತಿಳಿಸಿದ. ಮುಂದೆ ಇದಕ್ಕೇ ಬ್ಲಾಸ್ಟ್ ಪೈಪ್ ಅನ್ನೋ ಹೆಸರು ಬಂತು.

ನಡೆಯೋದು ಏನಂದ್ರೆ, ರಭಸದಿಂದ ಮೇಲೆ ಹಾರೋ ಉಗಿ ತನ್ನ ಸುತ್ತಲಿನ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಚಿಮ್ನಿಯ ಬುಡದಲ್ಲಿ ಒತ್ತಡ ಇಳಿಯುತ್ತದೆ. ಆ ಖಾಲಿ ತುಂಬಲು ಒಲೆಯ ಕಡೆಯಿಂದ ಗಾಳಿ ನುಗ್ಗುತ್ತದೆ. ಅವ್ವ ರೊಟ್ಟಿ ಬಡಿಯೋವಾಗ ಊದುಗೊಳವಿ ಹಿಡಿದು ಒಲೆ ಊದೋದನ್ನು ನೋಡಿದ್ದೀರಲ್ಲ? ಅವ್ವ ಕೆಳಗಿನಿಂದ ಗಾಳಿ ದಬ್ಬುತ್ತಾಳೆ, ಬ್ಲಾಸ್ಟ್ ಪೈಪ್ ಮೇಲಿನಿಂದ ಎಳೆಯುತ್ತದೆ. ಕೆಲಸ ಒಂದೇ.

ಇದರಲ್ಲಿ ಇನ್ನೊಂದು ಚಂದ ಅದ. ಎಂಜಿನ್ ಹೆಚ್ಚು ದುಡಿದಷ್ಟು ಹೆಚ್ಚು ಉಗಿ ಚಿಮ್ನಿಗೆ ಹೋಗುತ್ತದೆ, ಬೆಂಕಿ ಹೆಚ್ಚು ಉರಿಯುತ್ತದೆ, ಹೆಚ್ಚು ಉಗಿ ಹುಟ್ಟುತ್ತದೆ. ಏರು ಬಂದಾಗ ಬೆಂಕಿ ತಾನೇ ಜೋರಾಗುತ್ತದೆ, ನಿಂತಾಗ ತಾನೇ ತಣ್ಣಗಾಗುತ್ತದೆ. ಸೆನ್ಸರ್ ಇಲ್ಲ, ಕಂಟ್ರೋಲರ್ ಇಲ್ಲ. ಉಗಿಬಂಡಿಯ ಚುಕುಬುಕು ಸದ್ದು ಇದರದ್ದೇ. ಒಂದೊಂದು ಸಲ ಸಿಲಿಂಡರ್ ಖಾಲಿಯಾದಾಗಲೂ ಚಿಮ್ನಿಯಲ್ಲಿ ಒಂದು ಉಸಿರು.

ಬಿಸಾಡಬೇಕಿದ್ದ ಉಗಿಯೇ ಬೆಂಕಿಯನ್ನು ಊದಿತು. ಇಷ್ಟು ದೊಡ್ಡ ವಿಷಯಕ್ಕೆ ಟ್ರೆವಿಥಿಕ್ ಬೇರೆ ಪೇಟೆಂಟ್ ಮಾಡಿಸಲಿಲ್ಲ. ಯಾರು ಮೊದಲು ಅಂತ ಮುಂದೆ ಬೇರೆಯವರ ಹೆಸರಿನಲ್ಲಿ ದೊಡ್ಡ ವಾದವೇ ನಡೆಯಿತು.

ನಮ್ಮ ಸಣ್ಣ ಎಂಜಿನ್‌ಗೆ ಬಂದರೆ

ಅಮೆರಿಕದ ಲಯನೆಲ್ ಕಂಪನಿ 1946ರಲ್ಲಿ ಹೊಗೆ ಬಿಡೋ ಆಟಿಕೆ ಎಂಜಿನ್ ತಂದಾಗ ಬಲ್ಬಿನ ಬಿಸಿಯ ಮೇಲೆ ಒಂದು ಗುಳಿಗೆ ಇಟ್ಟು ಹೊಗೆ ಬರಿಸುತ್ತಿತ್ತು. ಈಗಿನ ಸ್ಮೋಕ್ ಯೂನಿಟ್‌ನಲ್ಲಿ ಸಣ್ಣ ಡಬ್ಬಿ, ಅದರೊಳಗೆ ಬಿಸಿಯಾಗೋ ತಂತಿ ಅಥವಾ ರೆಸಿಸ್ಟರ್, ಎಣ್ಣೆ ಹೀರೋ ಬತ್ತಿ, ಗಾಳಿ ದಬ್ಬಲು ಒಂದು ಫ್ಯಾನ್ ಇಲ್ಲವೇ ಚಕ್ರದ ಜೊತೆ ಆಡೋ ಪಿಸ್ಟನ್ ಇರುತ್ತವೆ. ಸುಡೋದು ಏನೂ ಇಲ್ಲ. ಎಣ್ಣೆ ಆವಿಯಾಗಿ, ಹೊರಗಿನ ತಂಪಿಗೆ ಸಣ್ಣ ಹನಿಗಳಾಗಿ ಕಾಣೋದನ್ನೇ ನಾವು ಹೊಗೆ ಅಂತೀವಿ. ಆದರೂ ಲೆಕ್ಕ ಟ್ರೆವಿಥಿಕ್‌ನದೇ: ಬಿಸಿ ಬೇಕು, ಗಾಳಿ ಬೇಕು, ಹಾದಿ ತೆರೆದಿರಬೇಕು. ಹೊಗೆ ಕಡಿಮೆ ಆದರೆ ಈ ಕ್ರಮದಲ್ಲಿ ನೋಡ್ರಿ.

ಮೊದಲು ವೋಲ್ಟೇಜ್. ಸಾದಾ ಡಿ.ಸಿ. ಸೆಟ್‌ನಲ್ಲಿ ಹಳಿಯ ವೋಲ್ಟೇಜೇ ವೇಗವನ್ನೂ ಬಿಸಿಯನ್ನೂ ನಿರ್ಧರಿಸುತ್ತದೆ. 12 ವೋಲ್ಟ್ ಇದ್ದದ್ದು 6ಕ್ಕೆ ಇಳಿದರೆ ಬಿಸಿ ಅರ್ಧ ಆಗೋದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಶಕ್ತಿ ವೋಲ್ಟೇಜಿನ ವರ್ಗದಂತೆ ಬದಲಾಗುತ್ತದೆ ಅಂತ ಮೊದಲ ಸೆಮಿಸ್ಟರ್‌ನಲ್ಲೇ ಓದಿದ್ದೀವಲ್ಲ. ನಿಧಾನ ಓಡಿಸಿ ಹೊಗೆ ಬರಲಿಲ್ಲ ಅಂದ್ರೆ ಯೂನಿಟ್ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಹಳಿ, ಚಕ್ರದ ಮೇಲಿನ ಮಸಿ ಒರೆಸಿ ನೋಡಿ.

ಎರಡನೆಯದು ತಂತಿ ಮತ್ತು ಬತ್ತಿ. ಕರೆಂಟ್ ತೆಗೆದು, ತಣ್ಣಗಾದ ಮೇಲೆ ಮಲ್ಟಿಮೀಟರ್ ಹಿಡಿಯಿರಿ. ಸರ್ಕ್ಯೂಟ್ ಓಪನ್ ತೋರಿಸಿದರೆ ತಂತಿ ಹರಿದಿದೆ. ತಂತಿ ಸರಿ ಇದ್ದು ಬತ್ತಿ ಕರಕಾಗಿದ್ದರೆ ಅದು ಎಣ್ಣೆ ಹೀರೋದಿಲ್ಲ, ಬದಲಿಸಬೇಕು. ಎಣ್ಣೆ ಇಲ್ಲದೆ ಓಡಿಸಿದಾಗಲೇ ಬತ್ತಿ ಹೀಗೆ ಕರಕಾಗೋದು. ಹೊಸ ಬತ್ತಿಯನ್ನು ಗಟ್ಟಿಯಾಗಿ ತುರುಕಿದರೆ ಗಾಳಿ ಆಡಲು ಜಾಗ ಇರೋದಿಲ್ಲ.

ಮೂರನೆಯದು ಗಾಳಿ. ಚಿಮ್ನಿ ಬಾಯಿಗೆ ತೆಳು ಟಿಶ್ಯೂ ಪೇಪರ್ ಚೂರು ಹಿಡಿದು ಎಂಜಿನ್ ಓಡಿಸಿ. ಅದು ಅಲುಗದಿದ್ದರೆ ಫ್ಯಾನ್ ಸಿಕ್ಕಿಕೊಂಡಿದೆ, ಇಲ್ಲವೇ ಪಿಸ್ಟನ್‌ನ ಕಡ್ಡಿ ಕಳಚಿದೆ, ಇಲ್ಲವೇ ಗಾಳಿ ಬರೋ ತೂತು ಜಿಡ್ಡಿನಿಂದ ಮುಚ್ಚಿದೆ.

ಎಣ್ಣೆ ಕೊನೆಗೆ. ಎಣ್ಣೆ ಹೆಚ್ಚಾದರೆ ತಂತಿಯ ಬಿಸಿಯೆಲ್ಲ ಆ ಎಣ್ಣೆ ಕಾಯಿಸೋದರಲ್ಲೇ ಹೋಗುತ್ತದೆ, ಗಾಳಿಯ ಹಾದಿಯೂ ಮುಳುಗುತ್ತದೆ. ಫ್ಯಾನ್ ಇಲ್ಲದ, ಸಣ್ಣ ಕೊಳವೆಯ ಯೂನಿಟ್‌ಗಳಂತೂ ತುಂಬಿ ತುಳುಕಿದರೆ ಕೆಲಸವನ್ನೇ ಮಾಡವು. ಹೆಚ್ಚಿನ ಎಣ್ಣೆ ಹೀರಿ ತೆಗೆಯಿರಿ. ಅಡುಗೆ ಎಣ್ಣೆ, ಸೀಮೆಎಣ್ಣೆ ಹಾಕೋ ಸಾಹಸ ಬೇಡ. ಕಿಟಕಿ ತೆರೆದಿರಲಿ.

ಗಮನಿಸಿದಿರಾ? ಕಾಣೋದು ಚಿಮ್ನಿಯ ತುದಿಯಲ್ಲಿ, ಕೆಟ್ಟಿರೋದು ಬೇರೆಲ್ಲೋ. ಟ್ರೆವಿಥಿಕ್‌ನ ಬದುಕನ್ನೇ ಕೆಡಿಸಿದ್ದು ಇಂಥದ್ದೇ ಒಂದು ಬೇರೆಲ್ಲಿಯದೋ ದೋಷ.

ಮುರಿದದ್ದು ಹಳಿ

ಪೆನಿಡ್ಯಾರನ್‌ನ ಎಂಜಿನ್ ಗೆದ್ದಿತು. ಆದರೆ ಅದರ ಸುಮಾರು ಐದು ಟನ್ ಭಾರಕ್ಕೆ ಎರಕದ ಕಬ್ಬಿಣದ ಹಳಿಗಳು ಪಟಪಟ ಮುರಿದವು. ಕೆಲವೇ ಓಟ ಆದ ಮೇಲೆ ಅದನ್ನು ಹಳಿಯಿಂದ ಇಳಿಸಿ ನಿಂತಲ್ಲೇ ದುಡಿಯೋ ಎಂಜಿನ್ ಮಾಡಿಬಿಟ್ಟರು. 1805ರಲ್ಲಿ ವೈಲಂ ಕಲ್ಲಿದ್ದಲು ಗಣಿಗೆಂದು ಅವನ ವಿನ್ಯಾಸದ ಇನ್ನೊಂದು ಎಂಜಿನ್ ತಯಾರಾಯಿತು. ಅಲ್ಲಿ ಇದ್ದದ್ದು ಮರದ ಹಳಿ, ಎಂಜಿನ್ ಅದಕ್ಕೆ ತೀರಾ ಭಾರ. ಗಣಿಯವರು ತಗೊಳ್ಳಲಿಲ್ಲ.

1808ರಲ್ಲಿ ಮೂರನೇ ಪ್ರಯತ್ನ. ಇವತ್ತಿನ ಲಂಡನ್ ಯೂಸ್ಟನ್ ಸ್ಟೇಷನ್ ಹತ್ತಿರ ಬೇಲಿ ಕಟ್ಟಿ, ಒಳಗೆ ದುಂಡಗೆ ಹಳಿ ಹಾಸಿ, ಧೈರ್ಯ ಇದ್ದರೆ ಹಿಡಿ ಅನ್ನೋ ಅರ್ಥದ ಹೆಸರಿನ ಎಂಜಿನ್ ಓಡಿಸಿದ. ಜಾತ್ರೆಯ ಹಾಗೆ ಟಿಕೆಟ್ ಇಟ್ಟು ಜನರನ್ನು ಕೂರಿಸಿದ. ದುಡ್ಡು ಕೊಟ್ಟು ಉಗಿ ರೈಲಿನಲ್ಲಿ ಸುತ್ತಿದ ಮೊದಲಿಗರು ಅವರೇ. ಆದರೆ ಕೆಳಗಿನ ನೆಲ ಮೆತ್ತಗೆ, ಹಳಿ ಮತ್ತೆ ಮುರಿಯಿತು, ಎಂಜಿನ್ ಮಗುಚಿ ಬಿತ್ತು. ಕೈಯಲ್ಲಿ ಹಣ ಉಳಿದಿರಲಿಲ್ಲ.

ಮೂರು ಸಲವೂ ಎಂಜಿನ್ ಸರಿ ಇತ್ತು, ಮೂರು ಸಲವೂ ಹಾದಿ ಸೋತಿತು. ಬೆಂಕಿಯ ದೋಷವನ್ನು ಚಿಮ್ನಿಯಲ್ಲಿ ಸರಿಪಡಿಸಿದ ಜಾಣ, ಎಂಜಿನ್‌ನ ಸೋಲಿಗೆ ಕಾರಣ ಹಳಿಯಲ್ಲಿದೆ ಅಂತ ಕಂಡೂ ಹಳಿಯ ಕೆಲಸಕ್ಕೆ ಕೈ ಹಾಕಲಿಲ್ಲ. ರೈಲು ಎಂಜಿನ್ ಬಿಟ್ಟೇಬಿಟ್ಟ. ಥೇಮ್ಸ್ ನದಿಯಡಿ ಸುರಂಗ ಕೊರೆಯೋಕೆ ಹೋಗಿದ್ದ, ಅದಕ್ಕೂ 1808ರಲ್ಲೇ ನದಿ ನುಗ್ಗಿತು. 1810ರಲ್ಲಿ ವಿಷಮಜ್ವರ, 1811ರಲ್ಲಿ ದಿವಾಳಿ. ಮುಂದಿನ ವರ್ಷವೇ ಊರಲ್ಲಿ ಹೊಸ ಬಗೆಯ ಗಣಿ ಎಂಜಿನ್, ಹೊಸ ಬಾಯ್ಲರ್ ಮಾಡಿದ. ಇವು ಕಾರ್ನಿಶ್ ಅನ್ನೋ ಹೆಸರಿನಲ್ಲಿ ಲೋಕಕ್ಕೆಲ್ಲ ಹೋದವು. ಆ ಬಾಯ್ಲರ್ ನಮ್ಮ ಪಠ್ಯಪುಸ್ತಕದಲ್ಲಿ ಇವತ್ತಿಗೂ ಇದೆ.

ಸ್ಟೀಫನ್‌ಸನ್ ಮಾಡಿದ್ದೇನು? ಎಂಜಿನ್ ಜೊತೆಗೇ ಹಳಿಯನ್ನೂ ಹಿಡಿದ. 1816ರಲ್ಲಿ ಹಳಿಗೇ ಒಂದು ಪೇಟೆಂಟ್ ತಗೊಂಡ. 1820ರಲ್ಲಿ ಜಾನ್ ಬರ್ಕಿನ್‌ಶಾ ಬಾಗಿದರೂ ಮುರಿಯದ ಬಡಿದ ಕಬ್ಬಿಣದ ಹಳಿ ತಂದಾಗ, ತನ್ನ ಪೇಟೆಂಟಿಗೆ ಅಂಟಿಕೊಳ್ಳದೆ ಅದನ್ನೇ ಬಳಸಲು ಹೇಳಿದ. 1825ರಲ್ಲಿ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲು ಓಡಿತು. ಹೆಸರು ಸ್ಟೀಫನ್‌ಸನ್‌ನದಾಯಿತು.

ಅಂಗಡಿಯ ಮಾಡೆಲ್, ಆಂಡಿಸ್ ಬೆಟ್ಟ

ಟ್ರೆವಿಥಿಕ್‌ನ ಬದುಕಿಗೆ ಮತ್ತೊಂದು ತಿರುವು ಕೊಟ್ಟದ್ದೂ ಮಾಡೆಲ್ಲೇ. ಪೆರು ದೇಶದ ಸೆರೊ ಡಿ ಪಾಸ್ಕೊ ಬೆಳ್ಳಿ ಗಣಿಗಳು ಸಮುದ್ರ ಮಟ್ಟದಿಂದ 4,300 ಮೀಟರ್ ಎತ್ತರದಲ್ಲಿವೆ. ಅಲ್ಲಿ ಗಣಿಗೆ ನೀರು ತುಂಬಿತ್ತು. ಎಂಜಿನ್ ಹುಡುಕಲು ಬಂದ ಫ್ರಾನ್ಸಿಸ್ಕೊ ಉವಿಲ್ಲೆಗೆ ವಾಟ್ ಎಂಜಿನ್ ಅಲ್ಲಿ ನಡೆಯದು ಅನ್ನೋ ಉತ್ತರ ಸಿಕ್ಕಿತು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ನಮ್ಮಲ್ಲಿನ ಹತ್ತಕ್ಕೆ ಆರರಷ್ಟು ಮಾತ್ರ. ಗಾಳಿಯ ಒತ್ತಡವನ್ನೇ ನಂಬಿದ ಎಂಜಿನ್ ಅಲ್ಲಿ ಸೊರಗುತ್ತದೆ. ಹೇಳಿ ಕೇಳಿ ನಿರಾಶನಾದ ಉವಿಲ್ಲೆ ಲಂಡನ್ನಿನ ಅಂಗಡಿಯೊಂದರ ಕಿಟಕಿಯಲ್ಲಿ ಟ್ರೆವಿಥಿಕ್ ಎಂಜಿನ್‌ನ ಮಾಡೆಲ್ ನೋಡಿ 20 ಗಿನಿಗೆ ಕೊಂಡ. ಪೆರುವಿಗೆ ಒಯ್ದು ಬೆಟ್ಟದ ಮೇಲೆ ಬೆಂಕಿ ಹಾಕಿದ. ಅದು ಓಡಿತು! ಅಧಿಕ ಒತ್ತಡದ ಎಂಜಿನ್‌ಗೆ ಹೊರಗಿನ ಗಾಳಿ ತೆಳುವಾದಷ್ಟೂ ಅನುಕೂಲ.

ಉವಿಲ್ಲೆ ಇಂಗ್ಲೆಂಡಿಗೆ ಮರಳಿ ಬಂದು ಟ್ರೆವಿಥಿಕ್‌ನನ್ನು ಹುಡುಕಿದ. 1814ರಲ್ಲಿ ಒಂಬತ್ತು ಎಂಜಿನ್ ಹಡಗು ಹತ್ತಿದವು. 1816ರ ಅಕ್ಟೋಬರ್‌ನಲ್ಲಿ ಟ್ರೆವಿಥಿಕ್ ತಾನೂ ಹೊರಟ. ಹೆಂಡತಿ ಜೇನ್ ಮತ್ತು ಆರು ಮಕ್ಕಳು ಊರಲ್ಲೇ ಉಳಿದರು. ಪೆರುವಿನಲ್ಲಿ ಮೊದಲು ಮರ್ಯಾದೆ, ಆಮೇಲೆ ಜಗಳ, ಅದರ ಮೇಲೆ ಸ್ವಾತಂತ್ರ್ಯ ಯುದ್ಧ. ಗಣಿಯ ಯಂತ್ರಗಳು ಹಾಳಾದವು. ಅಲ್ಲಿಂದ ಕೋಸ್ಟರಿಕಾ. ಕಾಡು, ನದಿ ದಾಟಿ ಬರೋವಾಗ ಮುಳುಗಿ ಸಾಯೋದು ಸ್ವಲ್ಪದರಲ್ಲೇ ತಪ್ಪಿತು. 1827ರಲ್ಲಿ ಕಾರ್ತಹೇನಾ ಬಂದರಿನಲ್ಲಿ ಹರಕು ಬಟ್ಟೆಯಲ್ಲಿದ್ದ ಅವನಿಗೆ ಒಬ್ಬ ತರುಣ ಎಂಜಿನಿಯರ್ ಎದುರಾದ. ಊರಿಗೆ ಹೋಗಲು 50 ಪೌಂಡ್ ಕೊಟ್ಟ. ಆ ತರುಣ ಜಾರ್ಜ್ ಸ್ಟೀಫನ್‌ಸನ್‌ನ ಮಗ ರಾಬರ್ಟ್. ಕೂಸಾಗಿದ್ದಾಗ ಟ್ರೆವಿಥಿಕ್ ತೊಡೆಯ ಮೇಲೆ ಆಡಿಸಿದ್ದ ಹುಡುಗ.

ಹನ್ನೊಂದು ವರ್ಷದ ಮೇಲೆ ಬರಿಗೈಯಲ್ಲಿ ಮನೆಗೆ ಬಂದ. ಅಷ್ಟು ವರ್ಷ ಜೇನ್ ತವರಿನವರ ಆಸರೆಯಲ್ಲಿ ಹೇಯ್ಲ್ ಊರಲ್ಲಿ ಒಂದು ಹೋಟೆಲ್ ನಡೆಸಿ ಮಕ್ಕಳನ್ನು ಬೆಳೆಸಿದ್ದಳು. ಟ್ರೆವಿಥಿಕ್‌ನ ಕಥೆ ಹೇಳೋರು ಆಂಡಿಸ್ ಬೆಟ್ಟದ ಸಾಹಸ ಉದ್ದಕ್ಕೆ ಹೇಳ್ತಾರೆ. ಆ ಮನೆಯ ಒಲೆ ಹನ್ನೊಂದು ವರ್ಷ ಆರದಂತೆ ನೋಡಿಕೊಂಡವಳ ಬಗ್ಗೆ ಒಂದು ಸಾಲು ಹೇಳಿದರೆ ಹೆಚ್ಚು.

ಕೊನೆಯ ದಿನಗಳು

ತನ್ನ ಎಂಜಿನ್‌ಗಳಿಂದ ದೇಶಕ್ಕಾದ ಲಾಭದಲ್ಲಿ ಏನಾದರೂ ಕೊಡಿ ಅಂತ 1828ರಲ್ಲಿ ಪಾರ್ಲಿಮೆಂಟಿಗೆ ಅರ್ಜಿ ಹಾಕಿದ. ಏನೂ ಸಿಗಲಿಲ್ಲ. 1829ರಲ್ಲಿ ರೈನ್‌ಹಿಲ್ ಸ್ಪರ್ಧೆಯಲ್ಲಿ ಸ್ಟೀಫನ್‌ಸನ್‌ರ ರಾಕೆಟ್ ಗೆದ್ದಿತು. ಅದರ ಬಾಯ್ಲರ್‌ನಲ್ಲಿ ಹಲವು ಕೊಳವೆಗಳಿದ್ದವು, ಅದು ಹೊಸದು. ಚಿಮ್ನಿಯಲ್ಲಿ ಉಗಿ ಊದುತ್ತಿದ್ದ ರೀತಿ ಮಾತ್ರ 25 ವರ್ಷ ಹಳೆಯದು.

1833ರ ಏಪ್ರಿಲ್ 22ರಂದು, 62ನೇ ವಯಸ್ಸಿನಲ್ಲಿ, ಡಾರ್ಟ್‌ಫರ್ಡ್ ಊರಿನ ಬುಲ್ ಹೋಟೆಲ್ಲಿನ ಕೋಣೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಕೊನೆಗೂ ಒಂದು ಕಾರ್ಖಾನೆಯಲ್ಲಿ ಹೊಸ ಎಂಜಿನ್ ಕೆಲಸದಲ್ಲೇ ಇದ್ದ. ಹತ್ತಿರದ ಬಂಧುಗಳು ಯಾರೂ ಇರಲಿಲ್ಲ, ಹಣ ಇರಲಿಲ್ಲ. ಕಾರ್ಖಾನೆಯ ಕೆಲಸಗಾರರೇ ಪಟ್ಟಿ ಹಾಕಿ ಮಣ್ಣು ಮಾಡಿದರು. ಆಗ ಹೆಣ ಕದಿಯೋ ಕಳ್ಳರ ಕಾಟ. ರಾತ್ರಿ ಗೋರಿ ಕಾಯಲು ಕಾವಲುಗಾರರನ್ನೂ ಅವರೇ ಇಟ್ಟರು. ಗೋರಿಗೆ ಹೆಸರಿನ ಕಲ್ಲು ನೆಡಲಿಲ್ಲ.

ಮಗ ಫ್ರಾನ್ಸಿಸ್ ರೈಲ್ವೆ ಎಂಜಿನಿಯರ್ ಆಗಿ ಬೆಳೆದು 1872ರಲ್ಲಿ ಅಪ್ಪನ ಬದುಕಿನ ಕಥೆ ಬರೆದ. ಅದರಿಂದಲೇ ನಮಗೆ ಇಷ್ಟೆಲ್ಲ ಗೊತ್ತಾದದ್ದು. ಮೊಮ್ಮಗ ರಿಚರ್ಡ್ ಫ್ರಾನ್ಸಿಸ್ ಟ್ರೆವಿಥಿಕ್ ಜಪಾನಿಗೆ ಹೋಗಿ, 1893ರಲ್ಲಿ ಆ ದೇಶದಲ್ಲೇ ತಯಾರಾದ ಮೊದಲ ಉಗಿ ಎಂಜಿನ್ನಿನ ಕೆಲಸ ನಡೆಸಿದ. ಕಲಬುರಗಿ ಹಾದಿಯಲ್ಲಿ ಓಡಿದ ಉಗಿ ಎಂಜಿನ್ನುಗಳ ಚಿಮ್ನಿಯಲ್ಲೂ ಉಸಿರಾಡಿದ್ದು ಅಜ್ಜ ಪೆನಿಡ್ಯಾರನ್‌ನಲ್ಲಿ ನೋಡಿದ ಅದೇ ಉಗಿ.

ಮುಂದಿನ ಸಲ ಕಲಬುರಗಿಯಿಂದ ಬೀದರ್ ರೈಲು ಹತ್ತಿದರೆ ಕಮಲಾಪುರ ಸೀಮೆಯ ಮರಗುತ್ತಿ ಸುರಂಗದಲ್ಲಿ ಹೊರಗೆ ನೋಡ್ರಿ. ಒಂದೂವರೆ ಕಿಲೋಮೀಟರಿಗೂ ಹೆಚ್ಚು ಉದ್ದ ಬೆಟ್ಟ ಕೊರೆದಿದ್ದಾರೆ. ಈ ಭಾಗದ ಜನ ವರ್ಷಗಟ್ಟಲೆ ರೈಲಿಗೆ ಕಾದದ್ದು ಎಂಜಿನ್ ಇಲ್ಲದ್ದಕ್ಕಲ್ಲ, ಹಾದಿ ಇಲ್ಲದ್ದಕ್ಕೆ. ಎಂಜಿನ್ ಮಾಡಿದವನ ಹೆಸರು ಎಲ್ಲರಿಗೂ ಬೇಕು, ಹಾದಿ ಸರಿ ಮಾಡಿದವರನ್ನು ಯಾರೂ ಕೇಳೋದಿಲ್ಲ. ಟ್ರೆವಿಥಿಕ್‌ಗೆ ಮಾತ್ರ ಎರಡೂ ಸಿಗಲಿಲ್ಲ. ನಮ್ಮ ಪ್ರಾಜೆಕ್ಟ್ ನಿಂತಾಗ ನಾವು ಬಲ್ಲ ಭಾಗವನ್ನೇ ಮತ್ತೆ ಮತ್ತೆ ತಿಕ್ಕುತ್ತಾ ಕೂಡದೆ, ಅದು ಯಾವುದರ ಮೇಲೆ ನಿಂತಿದೆ ಅಂತ ಒಮ್ಮೆ ಕೆಳಗೆ ಬಗ್ಗಿ ನೋಡೋಣ. ಮಾಡೆಲ್ ಎಂಜಿನ್ ಇದ್ದವರು ಎಣ್ಣೆ ಬಾಟಲಿ ಪಕ್ಕಕ್ಕಿಟ್ಟು ಮೊದಲು ಹಳಿ ಒರೆಸ್ರಿ.